ಕಸ್ತೂರೆಮ್ಮನ ಗಂಡನ ಓಟು

ಓಟಿನ ದಿನ ಬೆಳಗ್ಗೆ ಅಮರಗುಂಡಪ್ಪ ಪಡಸಾಲೆಯಲ್ಲಿ ಎರಡು ಖಾಲಿ ಎಣ್ಣೆ ಡಬ್ಬಿ ಇಟ್ಟು, ಒಂದರ ಮೇಲೆ ಸುಣ್ಣದಿಂದ ಸೈಕಲ್ಲು, ಇನ್ನೊಂದರ ಮೇಲೆ ದೀಪ ಬರೆದು ಹೆಂಡತಿಯನ್ನು ಕರೆದ. ಸೈಕಲ್ಲು ಕನ್ನಡಕದ ಹಾಗೆ ಕಾಣುತ್ತಿತ್ತು.

“ನೋಡು ಕಸ್ತೂರಿ, ಚೀಟಿ ಈ ಡಬ್ಬ್ಯಾಗ ಹಾಕಬೇಕು. ದೀಪದ ಕಡೆ ಕಣ್ಣೆತ್ತಿ ಸೈತ ನೋಡಬಾರದು.”

“ದೀಪದಂವ ನಮ್ಮ ಓಣಿಗೆ ಬಾವಿ ತೋಡಿಸ್ತೀನಂದಾನ. ನಿಮ್ಮ ಸೈಕಲ್ಲಿನಂವ ಏನಂದಾನ?”

“ದೇಶದ ಮಾತು ಆಡ್ಯಾನ.”

“ಅದನ್ನ ಕೊಡದಾಗ ತುಂಬ್ಕೊಂಡು ಬರಾಕ ಆಗ್ತದೇನ್ರೀ?” ಎಂದು ಕಸ್ತೂರೆಮ್ಮ ರೊಟ್ಟಿ ಬಡಿಯಲು ಹೋದಳು.

ಮಸ್ಕಿಯಲ್ಲಿ ಅಮರಗುಂಡಪ್ಪನದು ಬಟ್ಟೆ ಅಂಗಡಿ. ಹೈದರಾಬಾದಿನಿಂದ ಮೂರು ದಿನ ತಡವಾಗಿ ಬರುವ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಕೊರಿಯಾದ ಯುದ್ಧ ಹೇಗೆ ನಡೆಯಬೇಕೆಂದು ಗಜಕೋಲಿನಿಂದ ನೆಲದ ಮೇಲೆ ಗೀಚಿ ತೋರಿಸುವವನು ಅವನೇ. ಕುಪ್ಪಸದ ಬಟ್ಟೆಗೆ ಬಂದವರು ಯುದ್ಧ ಮುಗಿಯುವವರೆಗೆ ಕಾಯುತ್ತಿದ್ದರು. ದೇಶದ ಮೊದಲ ಚುನಾವಣೆಯಲ್ಲಿ ಮಸ್ಕಿಯ ಮೊದಲ ಓಟು ತನ್ನದೇ ಎಂದು ಅವನು ತಿಂಗಳಿಂದ ಊರೆಲ್ಲ ಸಾರಿದ್ದ. ಗೆಳೆಯ ಕರಿಬಸಯ್ಯ ಸೈಕಲ್ಲಿನವರ ಏಜೆಂಟ್. ಅವನಿಗೂ ಮಾತು ಕೊಟ್ಟಾಗಿತ್ತು.

ಎಂಟು ಗಂಟೆಗೆ ಶಾಲೆಯ ಬಾಗಿಲು ತೆರೆದಾಗ ಗಂಡಸರ ಸಾಲಿಗೆ ಮೊದಲಿಗನಾಗಿ ಅಮರಗುಂಡಪ್ಪ ಮದುಮಗನಂತೆ ರೇಷ್ಮೆ ರುಮಾಲು ಸುತ್ತಿ ನಿಂತಿದ್ದ. ಹೆಂಗಸರ ಸಾಲಿನಿಂದ ಕಸ್ತೂರೆಮ್ಮ ಹೋಗಿ ಹೆಸರು ಹೇಳಿ, ಬೆರಳಿಗೆ ಮಸಿ ಹಚ್ಚಿಸಿಕೊಂಡು, ಪರದೆಯ ಹಿಂದೆ ಚೀಟಿ ಹಾಕಿ ಬಂದೂಬಿಟ್ಟಳು. ಮಸ್ಕಿಯ ಮೊದಲ ಓಟು ಹೀಗೆ ಮುಗಿಯಿತು.

ಮತಗಟ್ಟೆಯ ಸಾಹೇಬರು ರಾಯಚೂರಿನಿಂದ ಬಂದಿದ್ದರು. ಅಮರಗುಂಡಪ್ಪ ಹೆಸರು ಹೇಳಿದಾಗ ಗಂಡಸರ ಪಟ್ಟಿಯನ್ನು ಮೂರು ಸಲ ಮಗುಚಿ ಹಾಕಿದರು.

“ಅಮರಗುಂಡಪ್ಪ ಅಂತ ಯಾರೂ ಇಲ್ರೀ. ಆದರೆ ನಿಮ್ಮ ಮನೆ ನಂಬರಿಗೆ ಒಬ್ಬ ಇದ್ದಾನ. ‘ಕಸ್ತೂರೆಮ್ಮನ ಗಂಡ, ವಯಸ್ಸು ನಲವತ್ತು.’ ನೀವೇ ಏನು?”

“ನಲವತ್ತಲ್ರೀ, ಮೂವತ್ತಾರು!” ಎಂದು ಅಮರಗುಂಡಪ್ಪ ಕೂಗಿದ. ಸಾಲಿಗೆ ಸಾಲೇ ನಕ್ಕ ಮೇಲೆ ಉಳಿದ ಅರ್ಧ ಅವನಿಗೆ ಅರ್ಥವಾಯಿತು. ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ತಿರುಗಿದ. “ಏನಿದು?”

“ಪಟ್ಟಿ ಬರಕೊಳ್ಳಾಂವ ಬಂದಾಗ ನೀವು ಅಂಗಡ್ಯಾಗ ಕೊರಿಯಾ ಗೆಲ್ಲಸಾಕತ್ತಿದ್ರಿ. ಗಂಡನ ಹೆಸರೇನು ಅಂದ. ಗಂಡನ ಹೆಸರು ನಾ ಹೆಂಗ ಹೇಳ್ಲಿ? ನನ್ನ ಹೆಸರು ಹೇಳಿದೆ. ಉಳಿದದ್ದು ಅಂವನೇ ಬರಕೊಂಡ.”

“ಹೆಸರಿಲ್ಲದವರಿಗೆ ಚೀಟಿ ಇಲ್ಲ,” ಎಂದರು ಸಾಹೇಬರು. “ಬರೆಸಿದವರೇ ಬಂದು ಹೆಸರು ಹೇಳಿದರೆ ತಿದ್ದಿಕೊಳ್ತೀನಿ.”

“ನಾನೇ ಹೇಳಾಕತ್ತೀನಲ್ರೀ!”

“ನೀವು ಹೇಳಿದರೆ ನಡೆಯೂದಿಲ್ಲ. ನೀವು ಯಾರಂತ ಸರಕಾರಕ್ಕ ಇನ್ನೂ ಗೊತ್ತಿಲ್ಲ.”

ಅಮರಗುಂಡಪ್ಪ ಕೈಮುಗಿದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಹೆಂಡತಿಗೆ ಅವನು ಕೈಮುಗಿದದ್ದು ಅದೇ ಮೊದಲು. “ಒಂದು ಸಲ ಹೇಳಿಬಿಡು. ಮಾನ ಹೊಂಟೈತಿ.”

“ನಿಮ್ಮ ಆಯುಷ್ಯ ಕಮ್ಮಿ ಆದ್ರ?”

“ಇಲ್ಲೇ ಹಿಂಗ ನಿಂತ್ರ ಈಗಿಂದೀಗ ಕಮ್ಮಿ ಆಗ್ತದ!”

ಕಸ್ತೂರೆಮ್ಮ ಸೆರಗು ಬಾಯಿಗೆ ಹಿಡಿದು ಸಾಹೇಬರಿಗೆ ಸೂಚನೆ ಕೊಟ್ಟಳು. “ಗುರುಗುಂಟಿ ದೇವರ ಹೆಸರ್ರೀ. ಕೊನಿಗೆ ಒಂದು ಅಪ್ಪ.”

“ಗುರುಗುಂಟೆಪ್ಪ?” ಎಂದು ಸಾಹೇಬರು ದೇವರ ಬದಲು ಊರಿನ ಹೆಸರಿಗೇ ಅಪ್ಪ ಸೇರಿಸಿ ಬರೆಯಲು ಹೊರಟರು.

“ಅಯ್ಯೋ ಬ್ಯಾಡ್ರೀ!” ಎಂದು ಅಮರಗುಂಡಪ್ಪ ಅವರ ಕೈ ಹಿಡಿದ. ಪೊಲೀಸಿನವನು ಅಮರಗುಂಡಪ್ಪನ ಕೈ ಹಿಡಿದ. ಹಿಂದಿನ ಸಾಲು ಕೂಗಾಡತೊಡಗಿತು.

ಆಗ ಪಕ್ಕದ ಮನೆಯ ಸರ್ದಾರಬಿ ಮುಂದೆ ಬಂದಳು. “ಒಡಪು ಹಾಕಿ ಹೇಳವ್ವಾ ಕಸ್ತೂರೆಮ್ಮ! ಲಗ್ನದಾಗ ಬಾಗಿಲಿಗೆ ನಿಂತು ಹೇಳಲಿಲ್ಲೇನು? ಪದ ಕಟ್ಟಿ ಒಡಪಿನಾಗ ಹೇಳಿದ್ರ ದೋಷ ಇಲ್ಲ.”

ಹೆಂಗಸರಿಗೆ ಇಷ್ಟೇ ಬೇಕಾಗಿತ್ತು. ಓಟು ಮರೆತು ಸಾಲು ಮುರಿದು ಸುತ್ತುಗಟ್ಟಿ, “ಹೇಳ ಹೇಳ” ಎಂದು ಗದ್ದಲ ಎಬ್ಬಿಸಿದರು. ಬೀಗರ ಮನೆಗೆ ಬಂದಂತಾಗಿ ಸಾಹೇಬರು ಪೆನ್ನು ಹಿಡಿದು ಕುಳಿತರು.

“ಹಳೇದು ಮರತೀನ್ರೆವ್ವಾ, ಹೊಸಾದು ಕಟ್ಟತೀನಿ,” ಎಂದು ಕಸ್ತೂರೆಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿದಳು. ಅಮರಗುಂಡಪ್ಪನೂ ಮುಚ್ಚಿದ.

“ಓಣಿಗೆ ಬಾವಿಲ್ಲ, ಕೊಡದಾಗ ನೀರಿಲ್ಲ,
ಸೈಕಲ್ ಏರಿದಾಂವ ಈ ಕಡೆ ಬರೂದಿಲ್ಲ,
ದೀಪಕ್ಕ ಚೀಟಿ ಹಾಕ್ರೆವ್ವಾ, ಕೆಡೂದಿಲ್ಲ,
ಅಮರಗುಂಡಪ್ಪನವರ ಮಾತು ಸುಳ್ಳಾಗೂದಿಲ್ಲ!”

ಹೆಂಗಸರು ಚಪ್ಪಾಳೆ ತಟ್ಟಿದರು. ತನ್ನ ಹೆಸರು ಕೇಳಿದ್ದೇ ತಡ ಅಮರಗುಂಡಪ್ಪ ಉಳಿದದ್ದೆಲ್ಲ ಮರೆತು, “ಕೇಳಿದ್ರಿಲ್ರೀ? ಅಮರಗುಂಡಪ್ಪ! ನಾನೇ!” ಎಂದು ಎದೆ ತಟ್ಟಿಕೊಂಡ.

ಸೈಕಲ್ಲಿನ ಏಜೆಂಟ್ ಕರಿಬಸಯ್ಯ ಕುರ್ಚಿ ಬೀಳುವಂತೆ ಎದ್ದ. “ಮತಗಟ್ಟ್ಯಾಗ ಪ್ರಚಾರ! ಮಾತು ಯಾರದು? ಇಂವಂದು! ಬಾಯಿಲೇ ಒಪ್ಪಿಕೊಂಡಾನ! ಬರಕೊಳ್ರೀ ಸಾಹೇಬ್ರ. ನನಗ ಮಾತು ಕೊಟ್ಟು ದೀಪದವರಿಗೆ ಒಡಪು ಕಟ್ಟಸ್ತೀಯಲೇ?”

“ನಾ ಕಟ್ಟಸಿಲ್ಲಪಾ, ಅಕಿನೇ...”

“ಸುಮ್ನಿರ್ರೀ!” ಎಂದು ಸಾಹೇಬರು ಗುಡುಗಿ ಬರೆಯತೊಡಗಿದರು. ಅಮರಗುಂಡಪ್ಪ ಕುತ್ತಿಗೆ ಚಾಚಿ ನೋಡಿದ. ಒಂದು ಅಕ್ಷರವೂ ತಪ್ಪದೆ ಅವನ ಹೆಸರು ಕಾಗದದ ಮೇಲೆ ಮೂಡುತ್ತಿತ್ತು.

“ಅಂತೂ ಬರಕೊಂಡ್ರಿ. ಇನ್ನ ಚೀಟಿ ಕೊಡ್ರಿ.”

“ಇದು ಪಟ್ಟಿ ಅಲ್ರೀ, ನಿಮ್ಮ ಮೇಲಿನ ರಿಪೋರ್ಟು. ಇವರನ್ನ ಹೊರಗ ಕಳಸ್ರಿ.”

ಪೊಲೀಸಿನವನು ಹೊಸಿಲು ದಾಟಿಸಿದ. ಒಳಗೆ ಹೆಂಗಸರ ಸಾಲು ಒಡಪನ್ನು ಬಾಯಿಪಾಠ ಮಾಡುತ್ತ ಮುಂದೆ ಸರಿಯುತ್ತಿತ್ತು. ಗಂಡಸರ ಸಾಲಿನಲ್ಲೂ ಒಬ್ಬ, “ಅಮರಗುಂಡಪ್ಪನಂಥ ತಿಳಿದಾಂವನೇ ಅಂದಮ್ಯಾಲ ದೀಪನೇ ಖರೆ,” ಎಂದ.

ಹೊರಗೆ ಬೇವಿನ ಮರದ ಕೆಳಗೆ, ಒಡಪು ಕೇಳಿಸಿಕೊಂಡಿದ್ದ ದೀಪದವರು ಚೆಂಡುಹೂವಿನ ಹಾರ ಹಿಡಿದು ಕಾಯುತ್ತಿದ್ದರು. ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಹಾರ ಕೊರಳಿಗೆ ಬಿತ್ತು, ರುಮಾಲು ನೆಲಕ್ಕೆ ಬಿತ್ತು. ನಾಲ್ವರು ಅವನನ್ನು ಹೆಗಲ ಮೇಲೆ ಎತ್ತಿ ಪೇಟೆಯ ಕಡೆ ಹೊರಟರು.

“ನಾ ಸೈಕಲ್ಲಿನಂವ್ರೋ!” ಎಂದು ಅವನು ಮೇಲಿನಿಂದ ಕೂಗಿದ. ಹಲಗೆ ಬಾರಿಸುವ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ರುಮಾಲಿನ ಧೂಳು ಕೊಡವುತ್ತ ಹಿಂದೆ ಬರುತ್ತಿದ್ದ ಕಸ್ತೂರೆಮ್ಮ ಸರ್ದಾರಬಿಗೆ ಹೇಳಿದಳು:

“ನೋಡವ್ವಾ, ಒಂದೇ ಒಂದು ಸಲ ಹೆಸರು ತಗೊಂಡೆ. ಆಗಲೇ ಕೈಗೆ ಸಿಗದಷ್ಟು ಮ್ಯಾಲೇರ್ಯಾರ.”