ನವೆಂಬರ್ ಪುಟದ ಹೊಳೆ

ಮಾತು ಕಡಿಮೆ ಇರುವವರಿಗೆ ಒಂದು ತೊಂದರೆಯಿದೆ. ವರ್ಷಕ್ಕೊಮ್ಮೆ ಬಾಯಿ ತೆರೆದರೂ ಆಡಿದ್ದನ್ನು ಜನ ಮರೆಯುವುದಿಲ್ಲ. ಸದಾ ಮಾತಾಡುವವರು ಬೆಳಿಗ್ಗೆ ಕೊಟ್ಟ ಮಾತನ್ನು ಮಧ್ಯಾಹ್ನದ ಮಾತುಗಳ ಅಡಿಯಲ್ಲಿ ಹೂತುಬಿಡಬಹುದು. ನನ್ನಂಥವಳ ಒಂದೇ ಮಾತು ಬಯಲಿನಲ್ಲಿ ನೆಟ್ಟ ಕಂಬದಂತೆ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ರಾಣೇಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಒದ್ದೆ ಕಾಗದದ ಮೇಲೆ ನೂರು ಬೀಜ ಇಡುವುದು, ಎಷ್ಟು ಮೊಳೆತವೆಂದು ಎಣಿಸಿ ಬರೆಯುವುದು. ಬೀಜಗಳೂ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ. ಮೂರು ವರ್ಷದಿಂದ ನಮ್ಮ ಸಂಬಂಧ ಚೆನ್ನಾಗಿದೆ.

ಅಂಥ ನಾನು ಕಳೆದ ದೀಪಾವಳಿಗೆ ಮೊದಲು, ಕಂಪನಿಯ ಗೋಡೆ ಕ್ಯಾಲೆಂಡರಿನ ಮೀಟಿಂಗಿನಲ್ಲಿ ಬಾಯಿ ತೆರೆದೆ. ಪ್ರತಿ ವರ್ಷ ಹನ್ನೆರಡು ತಿಂಗಳಿಗೆ ಹನ್ನೆರಡು ತರಕಾರಿ. ಹನ್ನೊಂದು ಹೇಗೋ ಹೊಂದಿದವು. ನವೆಂಬರಿಗೆ ಮತ್ತೆ ಬದನೆಕಾಯಿಯೇ ಎಂದು ಮ್ಯಾನೇಜರು ಬರೆದುಕೊಳ್ಳುತ್ತಿದ್ದಾಗ, “ಸರ್, ನೀರಾಗ ಕಾಣೋ ಪಟಾಕಿ ಬೆಳಕಿನ ಫೋಟೊ ನಾ ತಗದು ಕೊಡ್ತೀನಿ” ಎಂದುಬಿಟ್ಟೆ. ನನ್ನ ಬಳಿ ಕ್ಯಾಮೆರಾ ಇದೆಯೆಂಬುದೇ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಮ್ಯಾನೇಜರು ಪೆನ್ನು ಕೆಳಗಿಟ್ಟರು.

“ಹಬ್ಬ ಮುಗದ ಮರುದಿನ ನನ್ನ ಟೇಬಲ್ ಮ್ಯಾಲ ಇರಬೇಕ್ರಿ ಮೇಡಂ. ಇಲ್ಲಾಂದ್ರ ಬದನಿಕಾಯಿನ ಗತಿ.”

ಬದನೆಕಾಯಿಗೆ ಸೋಲುವುದು ನನಗೆ ಬೇಕಿರಲಿಲ್ಲ. ಹಬ್ಬದ ಹಿಂದಿನ ದಿನ ಮೇಡ್ಲೇರಿಗೆ ಹೋಗಿ ತುಂಗಭದ್ರೆಯನ್ನು ನೋಡಿಕೊಂಡು ಬಂದೆ. ಹೊಳೆ ಚೆಂದವೇ ಇತ್ತು, ಆದರೆ ಹರಿಯುತ್ತಿತ್ತು; ನನಗೆ ಬೇಕಾದದ್ದು ಕನ್ನಡಿಯಂತೆ ನಿಂತ ನೀರು. ಮೇಲಾಗಿ ಇಲ್ಲಿ ಪಟಾಕಿ ಹಾರಿಸುತ್ತಾರೆಯೇ ಎಂದು ಎತ್ತು ತೊಳೆಯುತ್ತಿದ್ದ ಅಜ್ಜನನ್ನು ಕೇಳಿದರೆ, “ಎಲ್ಲಾರೂ ಮನಿ ಮುಂದ ಹಾರಸ್ತಾರ ತಂಗಿ. ಹೊಳಿ ದಂಡ್ಯಾಗ ಯಾರ ಹಾರಸ್ತಾರ, ಮೀನಿಗೇನ ಹಬ್ಬ ಐತೇನು?” ಎಂದು ನನ್ನನ್ನೇ ಕೇಳಿದ.

ಉಳಿದದ್ದು ಬ್ಯಾಡಗಿ. ಅಲ್ಲಿ ನನ್ನ ಕಾಕಾ ಮೆಣಸಿನಕಾಯಿ ವ್ಯಾಪಾರಿ. ಮನೆಯ ಹತ್ತಿರದ ಕೆರೆ ತುಂಬಿದೆ, ಅಂಗಡಿ ಪೂಜೆ ಮುಗಿದೊಡನೆ ದಂಡೆಯ ಮೇಲೆ ತಾನೇ ರಾಕೆಟ್ ಹಾರಿಸುತ್ತೇನೆ ಎಂದು ಫೋನಿನಲ್ಲಿ ಭರವಸೆ ಕೊಟ್ಟಿದ್ದರು. ಅಮಾವಾಸ್ಯೆಯ ಸಂಜೆ ಹೋಗಿ ನೋಡಿದರೆ ಕೆರೆಯ ಮೇಲೆ ಈ ದಂಡೆಯಿಂದ ಆ ದಂಡೆಯವರೆಗೆ ಅಂತರಗಂಗೆ ಕಳೆ ಹಬ್ಬಿ ಹಸಿರು ಹಾಸಿತ್ತು.

“ಕಾಕಾ, ನೀರ ಎಲ್ಲೈತ್ರಿ?”

“ಅದರ ಕೆಳಗ ಐತೆಲ್ಲ,” ಎಂದರು ಕಾಕಾ, ಸ್ವಲ್ಪವೂ ಅಳುಕದೆ.

ನಾನು ಅಳುವ ಹಂತಕ್ಕೆ ಬಂದಿದ್ದೆ. ಕಾಕಾನ ಹೆಂಡತಿ ಕಾಕೂ ಮಾತ್ರ ಸೆರಗು ಸಿಕ್ಕಿಸಿಕೊಂಡು, “ನಿನಗ ನೀರ ಬೇಕೋ, ಕೆರಿ ಬೇಕೋ?” ಎಂದು ಕೇಳಿದರು. ನೀರು ಎಂದೆ. ಹತ್ತು ನಿಮಿಷದಲ್ಲಿ ಅವರ ಮನೆಯ ಮಾಳಿಗೆಯ ಮೇಲೆ ಹಿಟ್ಟು ನಾದುವ ದೊಡ್ಡ ಪರಾತ ಬಂತು. ತಳ ಹೊಳೆಯಬಾರದೆಂದು ಮೆಣಸಿನಕಾಯಿ ಒಣಹಾಕುವ ಕಪ್ಪು ತಾಡಪತ್ರಿಯ ತುಂಡೊಂದನ್ನು ಅಂಚು ಮುಚ್ಚುವಂತೆ ಹಾಸಿ, ಮೇಲೆ ನೀರು ತುಂಬಿದೆವು. ಹಬ್ಬದ ಹೊಸ ಸೀರೆಯಲ್ಲೇ ನಾನು ಹೊಟ್ಟೆ ಊರಿ ಮಲಗಿ ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿದೆ. ಪಕ್ಕದ ಮಾಳಿಗೆಯವರೆಲ್ಲ ತಮ್ಮ ಹಣತೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ನಾಚಿಕೆಯಿಂದ ಕೆಳಗಿಳಿದು ಹೋಗುತ್ತಿದ್ದೆ. ಆದರೆ ಕ್ಯಾಮೆರಾದೊಳಗೆ ಪರಾತ ಎಂಬುದೇ ಇರಲಿಲ್ಲ. ಕಪ್ಪನೆಯ ವಿಶಾಲ ನೀರಿತ್ತು, ಅದರಾಚೆ ಕತ್ತಲೆಯ ದಂಡೆಯಿತ್ತು.

ಇದ್ದದ್ದು ಐದೇ ರಾಕೆಟ್. ಮೊದಲನೆಯದಕ್ಕೆ ಕೆಳಗೆ ಓಣಿಯಲ್ಲಿ ಬೆಂಕಿ ಹಚ್ಚಿ ಕಾಕಾ ಓಡೋಡಿ ಮೇಲೆ ಬಂದರು. ಮಾಳಿಗೆ ನಡುಗಿತು, ನೀರೂ ನಡುಗಿತು. ಎರಡನೆಯದನ್ನು ಹಚ್ಚಿ ಬಂದು ಅವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಅಂಗಿಯಲ್ಲಿದ್ದ ಮೆಣಸಿನಕಾಯಿ ಘಾಟು ಮೂಗಿಗೇರಿ ನಾನು ಸರಿಯಾಗಿ ನೀರಿನ ಮೇಲೇ ಸೀನಿದೆ. “ನೀವು ಕೆಳಗ ನಡ್ರಿ, ಬೆಂಕಿ ಹಚ್ಚೂದಷ್ಟ ನಿಮ್ಮ ಕೆಲಸ,” ಎಂದು ಕಾಕೂ ಅವರನ್ನು ಅಟ್ಟಿದರು. ಮೂರನೆಯದು ಎದುರು ಮನೆಯ ತಗಡಿನ ಮೇಲೆ ಬಿತ್ತು. ನಾಲ್ಕನೆಯದು ಮೇಲೇರಿ ಒಡೆಯಿತು. ಆಕಾಶದಲ್ಲೊಂದು, ಪರಾತದಲ್ಲೊಂದು, ಎರಡೂ ಒಮ್ಮೆಗೇ ಅರಳಿ, ಬಂಗಾರದ ಎಳೆಗಳು ನೀರಿನ ಅಂಚಿನಲ್ಲಿ ಒಂದನ್ನೊಂದು ಮುಟ್ಟಿದವು. ಬಟನ್ ಒತ್ತಿದ್ದೆ. “ಬಂತ್ರಿ ಕಾಕಾ, ಬಂತು” ಎಂದು ನಾನು ಕೂಗಿದ್ದು ಇಡೀ ಓಣಿಗೆ ಕೇಳಿತಂತೆ. ಐದನೆಯದನ್ನು ಕಾಕಾ ಬರೀ ಖುಷಿಗೆ ಹಾರಿಸಿದರು.

ಹಬ್ಬದ ಮರುದಿನ ಮ್ಯಾನೇಜರು ಫೋಟೊವನ್ನು ಕಂಪ್ಯೂಟರಿನ ತುಂಬ ದೊಡ್ಡದು ಮಾಡಿ ನೋಡಿದರು. ಅವರು ಮೇಡ್ಲೇರಿಯವರು.

“ಇದು ನಮ್ಮೂರ ಹೊಳಿ,” ಎಂದರು. “ನಾ ಈಜು ಕಲ್ತ ಜಾಗಾ. ಇಲ್ನೋಡ್ರಿ, ತೆಪ್ಪ. ನಟ್ಟನಡುವ ಎಷ್ಟ ಶಾಂತ ನಿಂತೈತಿ.”

ನಾನು ಬಗ್ಗಿ ನೋಡಿದೆ. ದುಂಡಗೆ, ಚಪ್ಪಟೆಯಾಗಿ, ಒಂದು ಬದಿ ಸ್ವಲ್ಪ ಚೂಪಾಗಿ ತೇಲುತ್ತಿತ್ತು. ಅದರ ಪರಿಚಯ ನನಗಿಂತ ಚೆನ್ನಾಗಿ ಆ ಕಟ್ಟಡದಲ್ಲಿ ಯಾರಿಗೂ ಇರಲಾರದು. ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಆದರೆ ಎಣಿಸಿದ್ದನ್ನು ಎಣಿಸಿದಷ್ಟೇ ಬರೆಯುವ ಅಭ್ಯಾಸ ಸುಮ್ಮನಿರಲು ಬಿಡಲಿಲ್ಲ.

“ಸರ್, ಅದು ತೆಪ್ಪ ಅಲ್ರಿ. ಮೆಣಸಿನಕಾಯಿ ಬೀಜ. ಇದು ಹೊಳಿನೂ ಅಲ್ರಿ, ನಮ್ಮ ಕಾಕೂನ ಪರಾತ.”

ಇಡೀ ಆಫೀಸಿನ ಎದುರು ಮ್ಯಾನೇಜರು ಕುರ್ಚಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

“ಬೀಜ ಎಣಿಸಿ ಎಣಿಸಿ ಇವರಿಗೆ ತೆಪ್ಪನೂ ಬೀಜ ಕಂಡಂಗ ಕಾಣಾಕತ್ತೈತಿ ನೋಡ್ರೋ. ಮೇಡಂ, ಜೋಕ್ ಮಾಡಾಕ ನಿಮಗ ಬರತೈತಂತ ಗೊತ್ತ ಇರಲಿಲ್ಲ ಬಿಡ್ರಿ.”

ನವೆಂಬರ್ ಪುಟದ ಕೆಳಗೆ ‘ಮೇಡ್ಲೇರಿಯ ತುಂಗಭದ್ರೆ’ ಎಂದು ಅಚ್ಚಾಗಿದೆ, ಪಕ್ಕದಲ್ಲಿ ನನ್ನ ಹೆಸರಿದೆ. ಆ ದಿನದಿಂದ ಆಫೀಸಿನಲ್ಲಿ ನನ್ನನ್ನು ಬಲು ತಮಾಷೆಯ ಹುಡುಗಿ ಎನ್ನುತ್ತಾರೆ. ಊಟದ ಹೊತ್ತಿಗೆ ಕರೆದು ಕೂರಿಸಿಕೊಳ್ಳುತ್ತಾರೆ, ಇನ್ನೊಂದು ಜೋಕ್ ಹೇಳಿ ಎಂದು ಕಾಡುತ್ತಾರೆ. ನನಗೆ ಬರುವುದು ಅದೊಂದೇ. ಅದನ್ನೇ ಮತ್ತೆ ಹೇಳುತ್ತೇನೆ. ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ನಗುತ್ತಾರೆ.