ಮುಚ್ಚಳದ ಒಳಗಿನ ಬರಹ

ಕಂಪ್ಯೂಟರು ರಿಪೇರಿ ಅಂಗಡಿಯಲ್ಲಿ ಕೂತವರು ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ಹೊದಿಕೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಾನೇ ಬರುತ್ತದೆ. ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ನಮ್ಮ ಅಂಗಡಿ. ಬಿ.ಎಸ್ಸಿ. ಮಾಡಿದ್ದು ನಾನು, ಸ್ಕ್ರೂಡ್ರೈವರು ಹಿಡಿಯುತ್ತಿದ್ದದ್ದು ನನ್ನ ಗಂಡ. ಕೌಂಟರು ನನಗೆ. "ನಿನಗೂ ಇದು ಗೊತ್ತುಂಟು" ಎಂದು ಅವರು ಒಂದು ಸಲ ಹೇಳಲಿ ಎಂದು ನನಗೆ ಬಹಳ ಆಸೆ ಇತ್ತು. ಅದೊಂದನ್ನು ಬಿಟ್ಟು ಬೇರೆಲ್ಲ ಹೇಳುತ್ತಿದ್ದರು.

೧. ಕಾಲುಮಣೆ

ಅಂಗಡಿ ತೆರೆದ ಹೊಸತು, ೨೦೦೨ನೇ ಇಸವಿ. ಮೊಗ್ರಾಲಿನ ಹೆಂಗಸೊಬ್ಬರು ಮಗುವನ್ನು ಎತ್ತಿಕೊಂಡ ಹಾಗೆ ಒಂದು ಮಾನಿಟರನ್ನು ಅಪ್ಪಿಕೊಂಡು ಮೆಟ್ಟಿಲು ಹತ್ತಿ ಬಂದರು. ಗಂಡ ದುಬೈಯಿಂದ ಕಳಿಸಿದ್ದಂತೆ. ಬೆವರು ಒರೆಸಿಕೊಂಡು, "ಕಂಪ್ಯೂಟರು ತಂದಿದ್ದೇನೆ, ನೋಡಿ" ಎಂದರು.

ನಮ್ಮ ಇವರು ಹೇಳಿದರು, "ಅಕ್ಕಾ, ಇದು ಮುಖ ಮಾತ್ರ. ಲೆಕ್ಕ ಮಾಡುದು, ನೆನಪು ಇಟ್ಕೊಳ್ಳುದು ಎಲ್ಲ ಇನ್ನೊಂದು ಡಬ್ಬದಲ್ಲಿ. ನಿಮ್ಮ ಮೇಜಿನ ಕೆಳಗೆ ಉಂಟಲ್ವಾ?"

"ಅಯ್ಯೋ, ಅದಾ?" ಎಂದು ಅವರು ಬಾಯಿಗೆ ಕೈ ಇಟ್ಟುಕೊಂಡರು. "ಅದು ಕಾಲು ಇಡ್ಲಿಕ್ಕೆ ಕೊಟ್ಟದ್ದು ಅಂತ ಮಾಡಿದ್ದೆ!"

೨. ಮುಂದೆ ಬಿಚ್ಚುವವನಿಗೆ

ಮರುದಿನ ಆ ಡಬ್ಬವೂ ಬಂತು. ಇವರು ದೂಳು ಹೊಡೆದು, ತುಕ್ಕು ಹಿಡಿದ ತಂತಿ ಬದಲಿಸಿ, ಪಕ್ಕದ ಮುಚ್ಚಳ ಹಾಕುವ ಮೊದಲು ಅದರ ಒಳಮೈಯಲ್ಲಿ ಕರಿ ಮಾರ್ಕರಿನಿಂದ ತಾರೀಕು ಹಾಕಿ ಬರೆದರು: "ಇದರ ಮೇಲೆ ಕಾಲಿಡಬೇಡಿ."

ಅದು ಅವರ ಅಭ್ಯಾಸ. ಬಿಚ್ಚಿದ ಪ್ರತಿ ಡಬ್ಬದೊಳಗೂ ಆಸ್ಪತ್ರೆಯ ಚೀಟಿಯ ಹಾಗೆ ರೋಗ, ಮದ್ದು ಬರೆದಿಡುವುದು. "ಫ್ಯಾನಿಗೆ ಎಣ್ಣೆ ಬಿಟ್ಟದ್ದು." "ಜಿರಳೆ ಹದಿನಾಲ್ಕು. ಎರಡು ತಪ್ಪಿಸಿಕೊಂಡವು." ಒಂದು ಕಡೆ ಬರೀ "ಇವರ ಮನೆ ಚಾ ಒಳ್ಳೆದುಂಟು" ಎಂದಿತ್ತು. ಎಲ್ಲ ಕನ್ನಡದಲ್ಲೇ, ಉಳಿದ ಮೆಕ್ಯಾನಿಕ್‌ಗಳಿಗೆ ಮಲಯಾಳ ಮಾತ್ರ ಓದಲು ಬರುತ್ತಿದ್ದದ್ದು, ಹಾಗಾಗಿ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು.

"ಎಂತ ಇದು, ಬೇರೆಯವರ ಡಬ್ಬದಲ್ಲಿ ಗೋಡೆಬರಹ?" ಎಂದು ಜಗಳಕ್ಕೆ ಹೋದೆ.

"ಮುಂದೆ ಬಿಚ್ಚುವವನಿಗೆ ಗೊತ್ತಾಗುದು ಬೇಡ್ವಾ?"

"ಮುಂದೆ ಬಿಚ್ಚುವವರೂ ನೀವೇ ಅಲ್ವಾ?"

"ಹೌದು. ಆದ್ರೆ ನಂಗೆ ನೆನಪಿರುದಿಲ್ಲ ಮಾರಾಯ್ತಿ. ಅವನಿಗೆ ಯಾರಾದ್ರೂ ಹೇಳ್ಬೇಕಲ್ಲ!"

೩. ರಬ್ಬರು

ಬಾಯಾರು ಎಂಬ ಊರಿನ ಜೋಯಿಸರು ಜಾತಕ ಬರೆಯಲು ಕಂಪ್ಯೂಟರು ತೆಗೆದುಕೊಂಡದ್ದು ೨೦೦೪ರಲ್ಲಿ. ಒಂದೇ ವರ್ಷದಲ್ಲಿ ಅದು ಏಳಲೊಲ್ಲೆ ಎಂದಿತು. ಒತ್ತಿದರೆ ಪೀಂ, ಪೀಂ, ಪೀಂ. ಪರದೆಯಲ್ಲಿ ಕತ್ತಲೆ.

"ಅದು ರ‍್ಯಾಮ್ ಕೂಗುದು" ಎಂದು ಇವರು ಜೋಯಿಸರಿಗೆ ಬಿಡಿಸಿ ಹೇಳಿದರು. "ಹಾರ್ಡ್ ಡಿಸ್ಕ್ ಅಂದ್ರೆ ಉಗ್ರಾಣ. ರ‍್ಯಾಮ್ ಅಂದ್ರೆ ಒಲೆ ಹತ್ರದ ಕಟ್ಟೆ. ಆಗಾಗ ಬೇಕಾದ ಸಾಮಾನು ಕಟ್ಟೆ ಮೇಲೆ ಇರ್ತದೆ. ಕರೆಂಟು ಹೋದ್ರೆ ಕಟ್ಟೆ ಖಾಲಿ, ಉಗ್ರಾಣ ಹಾಗೇ ಇರ್ತದೆ. ಈಗ ನಿಮ್ಮ ಅಡುಗೆಯವನಿಗೆ, ಅಂದ್ರೆ ಪ್ರೊಸೆಸರಿಗೆ, ಕಟ್ಟೆಯೇ ಕಾಣುದಿಲ್ಲ."

"ನನ್ನ ಜಾತಕಗಳು?"

"ಉಗ್ರಾಣದಲ್ಲಿ ಭದ್ರ."

ಎರಡು ದಿನ ಗುದ್ದಾಡಿದರು. ಆಗಲಿಲ್ಲ. ನಾನು ಆ ರ‍್ಯಾಮಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳು ಕಪ್ಪಾಗಿದ್ದವು. "ಮಗಳ ಶಾಲೆಯ ರಬ್ಬರಿನಿಂದ ಉಜ್ಜಿ ನೋಡಿ" ಎಂದೆ.

ಇವರು ನಕ್ಕರು ನೋಡಿ, ಕೆಳಗಿನ ಬೇಕರಿಯವರೆಗೂ ಕೇಳಿಸಿರಬೇಕು. "ಕಂಪ್ಯೂಟರಿಗೆ ರಬ್ಬರು! ನಾಳೆ ಹುಣಸೆಹುಳಿ ಹಾಕಿ ತಿಕ್ಕು ಅಂತ ಹೇಳ್ತಿ ನೀನು!"

ಮೂರನೆಯ ದಿನ ಯಂತ್ರ ಸರಿಯಾಗಿ ಜೋಯಿಸರ ಜೊತೆ ಜೀಪು ಹತ್ತಿತು.

"ಎಂತ ಆಗಿತ್ತು?" ಕೇಳಿದೆ.

"ಪವರ್ ಸಪ್ಲೈ" ಎಂದರು, ನನ್ನ ಮುಖ ನೋಡದೆ.

ಅದೇ ವಾರ ಮಗಳ ಸ್ಟ್ರಾಬೆರಿ ಆಕಾರದ ರಬ್ಬರು ಕಾಣೆಯಾಯಿತು. ಪಕ್ಕದ ಬೆಂಚಿನ ಹುಡುಗಿಯ ಮೇಲೆ ಸಂಶಯ. ಮಗಳು ಅವಳ ಹತ್ತಿರ ಒಂದು ತಿಂಗಳು ಮಾತು ಬಿಟ್ಟಳು.

೪. ಮರೆವಿನ ಮನುಷ್ಯ

ಪ್ರೊಸೆಸರಿನ ಮೇಲೆ ಒಂದು ಪುಟ್ಟ ಫ್ಯಾನು ಇರುತ್ತದೆ. ಅದು ನಿಂತರೆ, ಬಿಸಿ ಮಿತಿ ಮೀರುವ ಮೊದಲೇ ಕಂಪ್ಯೂಟರು ತನ್ನನ್ನು ತಾನೇ ಆರಿಸಿಕೊಂಡು ಉಳಿದುಕೊಳ್ಳುತ್ತದೆ. "ಮನುಷ್ಯರಿಗೆ ಈ ಬುದ್ಧಿ ಇಲ್ಲ" ಎಂದು ಇವರು ಗಿರಾಕಿಗಳಿಗೆ ಹೇಳುತ್ತಿದ್ದರು. ಎದೆನೋವನ್ನು ಗ್ಯಾಸು ಎಂದುಕೊಂಡು ನಾಲ್ಕು ದಿನ ಅಂಗಡಿ ತೆರೆದರು. ಐದನೆಯ ಬೆಳಿಗ್ಗೆ, ೨೦೧೧ರಲ್ಲಿ, ಶರ್ಟಿಗೆ ಗುಂಡಿ ಹಾಕುತ್ತಿದ್ದಾಗಲೇ ಹೋದರು.

ತಿಂಗಳ ಮೇಲೆ ನಾನು ಬಾಗಿಲು ತೆರೆದ ದಿನ, ಊರಿಗೆ ರಜೆಯಲ್ಲಿ ಬಂದಿದ್ದ ಗಲ್ಫಿನವರೊಬ್ಬರು ಬಂದರು. "ಅವರು ಇಲ್ವಾ?"

"ಇಲ್ಲ" ಎಂದೆ.

"ಬರುವವರೆಗೆ ಕೂತ್ಕೊಳ್ತೇನೆ." ಕೂತರು. ಚಾ ತರಿಸಿ ಕೊಟ್ಟೆ. ಅವರು ಮೊಬೈಲು ತೆಗೆದು ಕರೆ ಮಾಡಿದರು. ನನ್ನ ಡ್ರಾಯರಿನೊಳಗೆ ಇವರ ಫೋನು ಹೊಡೆದುಕೊಂಡಿತು. ದಿನಾ ಚಾರ್ಜು ಮಾಡಿ ಇಡುತ್ತಿದ್ದೆ, ಯಾಕೆಂದು ಕೇಳಬೇಡಿ. ಅವರು ಇನ್ನೊಮ್ಮೆ ಮಾಡಿದರು. ಪುನಃ ಡ್ರಾಯರು ಕೂಗಿತು.

ಅವರು ತಲೆ ಅಲ್ಲಾಡಿಸಿ ನನಗೇ ಸಮಾಧಾನ ಹೇಳಿದರು. "ಫೋನು ಇಲ್ಲೇ ಬಿಟ್ಟು ಹೋಗಿದ್ದಾರೆ ನೋಡಿ. ಎಂಥ ಮರೆವಿನ ಮನುಷ್ಯ!"

೫. ಬಿಚ್ಚುವವಳು

ಅಂಗಡಿ ಮುಚ್ಚಿ ಬಿಡು, ಅದು ಹೆಂಗಸರಿಂದ ಆಗುವಂಥದ್ದಲ್ಲ ಎಂದರು ಮೈದುನ. ನಾನು ಸ್ಕ್ರೂಡ್ರೈವರು ಹಿಡಿದೆ. ಕೆಲಸ ಕಲಿಸಿದ್ದು ಆ ಮುಚ್ಚಳಗಳೇ. "ಈ ಕಂಪೆನಿಯ ಸ್ಕ್ರೂ ಉಲ್ಟಾ ಅಲ್ಲ, ನಿನ್ನ ಕೈ ಉಲ್ಟಾ" ಎಂದು ತಮಗೇ ಬರೆದುಕೊಂಡದ್ದು ನನಗೆ ಸರಿಯಾಗಿ ತಾಗುತ್ತಿತ್ತು. ಮೊಗ್ರಾಲಿನ ಡಬ್ಬ ಮತ್ತೆ ಬಂತು. ಹಳೆ ಬರಹದ ಕೆಳಗೆ ಬೇರೆ ತಾರೀಕಿನಲ್ಲಿ ಇನ್ನೊಂದು ಸಾಲು: "ಹೇಳಿದ್ರೂ ಇಡ್ತಾರೆ."

ಆದರೆ ಡಬ್ಬಗಳು ಕಡಿಮೆಯಾಗುತ್ತ ಬಂದವು. ಎಲ್ಲರಿಗೂ ಲ್ಯಾಪ್‌ಟಾಪು, ಅದರೊಳಗೆ ಒಂದು ಅಕ್ಷರ ಬರೆಯಲು ಜಾಗ ಇಲ್ಲ. ಗುಜರಿಯವನ ಗಾಡಿಯಲ್ಲಿ ಹಳೆ ಡಬ್ಬ ಕಂಡರೆ ನಿಲ್ಲಿಸಿ ಮುಚ್ಚಳ ಮಾತ್ರ ಕೇಳುತ್ತಿದ್ದೆ. "ಅಕ್ಕಾ, ಇದರಲ್ಲಿ ದೋಸೆ ಹೊಯ್ಲಿಕ್ಕೆ ಆಗುದಿಲ್ಲ, ಬಣ್ಣ ಸುಟ್ಟು ವಾಸನೆ ಬರ್ತದೆ" ಎಂದು ಅವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ.

೬. ಜೋಯಿಸರ ಯಂತ್ರ

೨೦೧೭ರಲ್ಲಿ ಬಾಯಾರಿನಿಂದ ಜೋಯಿಸರ ಫೋನು. "ಹಳೇ ರೋಗ ಅಮ್ಮಾ, ಪೀಂ ಪೀಂ ಅಂತದೆ. ಯಾರನ್ನಾದ್ರೂ ಗಂಡಸರನ್ನು ಕಳಿಸಿ."

ನಾನೇ ಬಸ್ಸು ಹತ್ತಿದೆ. ನನ್ನನ್ನು ಕಂಡು ಜೋಯಿಸರು ಯಂತ್ರಕ್ಕೆ ಅಡ್ಡ ನಿಂತರು. "ನಿಮ್ಮ ಯಜಮಾನರ ನಂತ್ರ ಇದಕ್ಕೆ ಯಾರೂ ಕೈ ಹಾಕಿಲ್ಲ. ಅವರ ಕೈಗುಣ ಬೇರೆ. ನಿಮಗೆ ಗೊತ್ತುಂಟಾ ಇದು?"

ಅದನ್ನು ಹೇಳಬೇಕಾದವರು ಹೇಳದೆಯೇ ಹೋಗಿದ್ದರು. "ರಾಹುಕಾಲ ಮುಗಿದಿದ್ರೆ ಬಿಚ್ತೇನೆ" ಎಂದೆ. ಜೋಯಿಸರು ಪಂಚಾಂಗ ನೋಡಿ ಪಕ್ಕಕ್ಕೆ ಸರಿದರು.

ಸ್ಕ್ರೂ ತೆಗೆದು ಮುಚ್ಚಳವನ್ನು ಅವರ ಕೈಗೇ ಕೊಟ್ಟು, ನಾನು ಒಳಗೆ ಟಾರ್ಚು ಬಿಟ್ಟೆ. ಹಿಂದಿನಿಂದ ಜೋಯಿಸರು ಜಾತಕ ಓದುವ ರಾಗದಲ್ಲಿ, ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದರು:

"ನನ್ನಿಂದ ಆಗಲಿಲ್ಲ. ಇವಳು ಹೇಳಿದ ಹಾಗೆ ಉಜ್ಜಿದೆ, ಸರಿಯಾಯ್ತು. ಇವಳಿಗೆ ನನಗಿಂತ ಹೆಚ್ಚು ಗೊತ್ತುಂಟು. ರಬ್ಬರು ಇಲ್ಲೇ ಅಂಟಿಸಿದ್ದೇನೆ. ಅವಳಿಗೆ ಮಾತ್ರ ಹೇಳಬೇಡಿ..."

ರಾಗ ಅಲ್ಲಿಗೇ ಕಡಿಯಿತು. ತಿರುಗಿ ನೋಡಿದೆ. ಮುಚ್ಚಳದ ಮೂಲೆಯಲ್ಲಿ, ಹಳದಿಯಾದ ಟೇಪಿನಡಿ, ಒಂದು ಬದಿ ಕಪ್ಪಾದ ಸ್ಟ್ರಾಬೆರಿ.

ರ‍್ಯಾಮಿನ ಪಟ್ಟಿ ತೆಗೆದು ಆ ರಬ್ಬರಿನಿಂದಲೇ ಉಜ್ಜಿದೆ. ಕಣ್ಣು ಮಂಜಾಗಿ ಹಲ್ಲು ಯಾವುದು, ಬೆರಳು ಯಾವುದು ತಿಳಿಯುತ್ತಿರಲಿಲ್ಲ. ಪಟ್ಟಿಯನ್ನು ಮತ್ತೆ ಕೂರಿಸಿ ಗುಂಡಿ ಒತ್ತಿದಾಗ ಯಂತ್ರ ಒಂದೂ ಪೀಂ ಅನ್ನದೆ ಎದ್ದಿತು.

ಜೋಯಿಸರು ಮಾತ್ರ ದೊಡ್ಡ ಅಪಚಾರ ಮಾಡಿದವರ ಹಾಗೆ ಮುಚ್ಚಳವನ್ನು ಎದೆಗೊತ್ತಿಕೊಂಡು ನಿಂತಿದ್ದರು. ಮೆಲ್ಲನೆ ಹೇಳಿದರು:

"ಹೇಳಬೇಡಿ ಅಂತ ಕೊನೇ ಸಾಲಲ್ಲಿ ಬರೆದ್ರೆ ನಾನು ಎಂತ ಮಾಡುದು ಅಮ್ಮಾ? ನೀವು ಕೇಳ್ಲಿಲ್ಲ ಅಂತ ಇಟ್ಕೊಳ್ಳಿ."