ಮೈಮೇಲಿನದಕ್ಕೆ ತೂಕವಿಲ್ಲ

ಬ್ಯಾಗ್ ಮಾರುವವನಿಗೆ ಬ್ಯಾಗ್ ಆರಿಸಲು ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ ಇದೆ. ಹಾಸ್ಟೆಲಿಗೆ ಸೇರುವ ಮಕ್ಕಳಿಗೆ ಟ್ರಂಕು, ಗಲ್ಫಿಗೆ ಹೊರಟವರಿಗೆ ಸೂಟ್‌ಕೇಸು ಮಾರಿ ಕೂದಲು ನೆರೆತಿದೆ. ಇಷ್ಟು ಕಾಲದಲ್ಲಿ ನಾನು ಕಲಿತ ವಿದ್ಯೆ ಒಂದೇ. ಗಿರಾಕಿಯ ಕೈಗೆ ಬ್ಯಾಗ್ ಕೊಟ್ಟು "ಎತ್ತಿ ನೋಡಿ" ಎನ್ನುವುದು. ಎತ್ತಿದವನ ಭುಜ ಒಂದಿಷ್ಟು ವಾಲಿದರೆ "ಗಟ್ಟಿ ಉಂಟು" ಎನ್ನುತ್ತಾನೆ, ವ್ಯಾಪಾರ ಕುದುರುತ್ತದೆ. ವಾಲದಿದ್ದರೆ "ಇದು ಬಾಳಿಕೆ ಬರ್ಲಿಕ್ಕಿಲ್ಲ" ಎಂದು ಎದುರಿನ ಅಂಗಡಿಗೆ ಹೋಗುತ್ತಾನೆ. ಭಾರವಾದದ್ದೇ ಒಳ್ಳೆಯದು ಎಂಬ ನಂಬಿಕೆಯ ಮೇಲೆ ನನ್ನ ಸಂಸಾರ ನಿಂತಿದೆ. ಅಂಥವನ ಮನೆಯಲ್ಲಿಯೇ ಹಗುರದ ಪಂಥ ಹಿಡಿದ ಮಗಳು ಹುಟ್ಟಿದಳು.

ಶಹನಾ ಇಲ್ಲಿಯ ಕಾಲೇಜಿನಲ್ಲಿ ಕೊನೆಯ ವರ್ಷದ ಪದವಿ ಓದುತ್ತಿದ್ದಾಳೆ, ಅಲ್ಲಿಯ ಚಾರಣ ತಂಡಕ್ಕೆ ಅವಳೇ ನಾಯಕಿ. ರಜೆ ಸಿಕ್ಕಿದರೆ ಗೆಳತಿಯರನ್ನು ಕಟ್ಟಿಕೊಂಡು ಘಟ್ಟ ಹತ್ತುತ್ತಾಳೆ. ಬಂದ ಮೇಲೆ ಫೋನಿನಲ್ಲಿ ಅವರೊಂದಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನನ್ನ ಜೊತೆಗಿನ ಅವಳ ಮಾತು ಮಾತ್ರ "ಹಾಂ ಉಪ್ಪ", "ಇಲ್ಲ ಉಪ್ಪ", "ಚಾರ್ಜರ್ ನೋಡಿದ್ರಾ ಉಪ್ಪ" ಎಂಬ ಮೂರಕ್ಕೆ ಇಳಿದು ಎಷ್ಟೋ ಕಾಲವಾಗಿತ್ತು. ಜಗಳವೇನೂ ಇಲ್ಲ. ಜಗಳವಿದ್ದಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ಒಂದು ದಿನ ಊಟಕ್ಕೆ ಕೂತಾಗ ಬಾಯಿ ತಪ್ಪಿ "ಈ ಸಲ ನಾನೂ ಬರ್ತೇನೆ" ಎಂದುಬಿಟ್ಟೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಹೊಟ್ಟೆಯನ್ನೊಮ್ಮೆ ನೋಡಿದಳು. "ಬನ್ನಿ. ಆದ್ರೆ ನಿಮ್ಮ ಬ್ಯಾಗ್ ಐದು ಕಿಲೋ ದಾಟಬಾರ್ದು. ದಾಟಿದವರನ್ನು ಜೀಪಲ್ಲೇ ವಾಪಸ್ ಕಳಿಸ್ತೇವೆ. ಅಪ್ಪ ಅಮ್ಮ ಅಂತ ಇಲ್ಲ." ಹಿಂದಿನ ಸಲ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು ಪ್ರೆಷರ್ ಕುಕ್ಕರ್ ಹೊತ್ತು ತಂದು, ಅರ್ಧ ದಾರಿಯಲ್ಲಿ ಅದನ್ನು ಎಲ್ಲರೂ ಸರದಿಯ ಮೇಲೆ ಹೊರಬೇಕಾಯಿತಂತೆ. ಈ ಕಾನೂನು ಬಂದದ್ದು ಆಗ. ನನ್ನ ಹೆಂಡತಿ ಜೋಹರಾ ಮೀನಿನ ಮುಳ್ಳು ಬಿಡಿಸುತ್ತಾ, "ಇಬ್ಬರಲ್ಲಿ ಯಾರು ಯಾರನ್ನು ನೋಡಿಕೊಳ್ಳುವುದು ಅಂತ ಈಗಲೇ ತೀರ್ಮಾನ ಮಾಡಿ" ಎಂದಳು. ನನಗೆ ಆವತ್ತು ನಿದ್ದೆ ಸರಿಯಾಗಿ ಬರಲಿಲ್ಲ.

ಮರುದಿನ ಅಂಗಡಿಯಲ್ಲಿದ್ದ ಅತ್ಯುತ್ತಮ ಬ್ಯಾಗನ್ನು ಹೆಮ್ಮೆಯಿಂದ ತಂದೆ. ದಪ್ಪ ಬಟ್ಟೆ, ಒಳಗೆ ಕಬ್ಬಿಣದ ಪಟ್ಟಿ, ಎಣಿಸಿದರೆ ಮರೆತುಹೋಗುವಷ್ಟು ಜಿಪ್ಪು. ಶಹನಾ ಎತ್ತಿ ನೋಡಿದಳು. ಅವಳ ಭುಜ ವಾಲಿತು. ನಾನು ಅಭ್ಯಾಸಬಲದಿಂದ "ಗಟ್ಟಿ ಉಂಟಲ್ಲ?" ಎಂದೆ. "ಉಂಟು. ಖಾಲಿ ಬ್ಯಾಗಿನಲ್ಲೇ ಅರ್ಧ ಲಿಮಿಟ್ ಮುಗೀತು" ಎಂದು ಅದನ್ನು ಕೆಳಗಿಟ್ಟು, ತಾನೇ ಫೋನಿನಲ್ಲಿ ಇನ್ನೊಂದನ್ನು ತರಿಸಿದಳು. ಆ ಪೆಟ್ಟಿಗೆ ಬಂದಾಗ ಒಳಗೆ ಏನೂ ಇಲ್ಲವೆಂದುಕೊಂಡು ತಂದುಕೊಟ್ಟವನ ಜೊತೆ ಸಣ್ಣ ಜಗಳವನ್ನೇ ತೆಗೆದೆ. ಒಡೆದು ನೋಡಿದರೆ ಕೊಡೆಯ ಬಟ್ಟೆಯಷ್ಟು ತೆಳುವಾದ ಬ್ಯಾಗ್. ಒಳಗೆ ಕೈ ಹಾಕಿದರೆ ಬೆರಳುಗಳು ಹೊರಗಿನಿಂದ ಕಾಣುತ್ತಿದ್ದವು. ಇದನ್ನು ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ನಡೆದರೆ ನನ್ನ ಗಿರಾಕಿಗಳು ಏನೆಂದುಕೊಂಡಾರು ಎಂದು ಮೊದಲ ಬಾರಿಗೆ ಚಿಂತೆಯಾಯಿತು.

ಸ್ಲೀಪಿಂಗ್ ಬ್ಯಾಗಿನ ವಿಷಯದಲ್ಲಿ ನಾನು ಹಟ ಬಿಡಲಿಲ್ಲ. ಶಹನಾಳದ್ದು ಬಾಳೆಹಣ್ಣಿನ ಸಿಪ್ಪೆಯಂಥದ್ದು, ಮಡಚಿದರೆ ಒಂದು ಮುಷ್ಟಿ. ಘಟ್ಟದ ಮೇಲೆ ಚಳಿಗಾಲದಲ್ಲಿ ಅದರೊಳಗೆ ಮಲಗಿದ ಮಗಳನ್ನು ನೆನೆದರೆ ನನಗೆ ಮೂಡುಬಿದಿರೆಯ ಸೆಕೆಯಲ್ಲೇ ನಡುಕ ಬರುತ್ತಿತ್ತು. ನನಗೆಂದು ಹತ್ತಿ ತುಂಬಿದ ದಿಂಬಿನಂತಹ ದಪ್ಪದ್ದನ್ನೇ ಆರಿಸಿದೆ. ಪರೀಕ್ಷೆಗೆಂದು ಹಜಾರದಲ್ಲಿ ಅದರೊಳಗೆ ಹೊಕ್ಕು ಗಲ್ಲದವರೆಗೆ ಜಿಪ್ಪು ಎಳೆದುಕೊಂಡೆ. ಜಿಪ್ಪು ಸಿಕ್ಕಿಹಾಕಿಕೊಂಡಿತು. ಕೈಗಳೆರಡೂ ಒಳಗೆ. ಅಷ್ಟರಲ್ಲಿ ನಮಾಜು ಮುಗಿಸಿ ಕೋಣೆಯಿಂದ ಬಂದ ನನ್ನ ಉಮ್ಮ, ನೆಲದ ಮೇಲೆ ಮುಖವೊಂದನ್ನು ಬಿಟ್ಟು ಮಿಕ್ಕೆಲ್ಲ ಮುಚ್ಚಿಕೊಂಡು ಅಂಗಾತ ಮಲಗಿದ್ದ ಮಗನನ್ನು ನೋಡಿ ಗೋಡೆ ಹಿಡಿದುಕೊಂಡರು. "ಬದುಕಿರುವಾಗ ಕಫನಿನೊಳಗೆ ಹೊಕ್ಕುವ ಬುದ್ಧಿ ನಿನಗೆ ಯಾರು ಕೊಟ್ಟದ್ದು?" ಎಂದು ಬೈಯುತ್ತಲೇ ಜಿಪ್ಪಿಗೆ ತೆಂಗಿನೆಣ್ಣೆ ಹಚ್ಚಿ ಬಿಡಿಸಿದರು. ಇದು ಚಳಿಗೆ ಎಂದು ವಿವರಿಸಿದ್ದೇ ತಪ್ಪಾಯಿತು. ಚಳಿ ಇರುವ ಕಡೆ ಹಸಿವೂ ಇರುತ್ತದೆಂದು ಅವರು ಅಲ್ಲಿಂದಲೇ ಅಡುಗೆಮನೆಗೆ ನಡೆದರು.

ಇನ್ನು ಹಮೀದ್ ಭಾವನ ವಿಷಯ ಹೇಳಲೇಬೇಕು. ಜೋಹರಾಳ ಅಣ್ಣ, ಗಲ್ಫಿನಲ್ಲಿ ದುಡಿದು ಬಂದು ಈಗ ನಮ್ಮ ಹಿಂದಿನ ರಸ್ತೆಯಲ್ಲಿ ಇದ್ದಾರೆ. ಊರಿನಿಂದ ಯಾರೇ ವಿಮಾನ ಹತ್ತುವುದಿದ್ದರೂ ಪೆಟ್ಟಿಗೆ ಕಟ್ಟಲು ಅವರೇ ಆಗಬೇಕು. ಜೇಬಿನಲ್ಲಿ ಸದಾ ಕೊಕ್ಕೆಯ ತಕ್ಕಡಿ ಇರುತ್ತದೆ. ಅವರ ಧರ್ಮದಲ್ಲಿ ಎರಡೇ ಕಟ್ಟಳೆ. ಒಂದು, ಲಿಮಿಟ್ ಎಷ್ಟು ಕೊಟ್ಟಿದ್ದಾರೋ ಅಷ್ಟನ್ನೂ ತುಂಬಬೇಕು, ಖಾಲಿ ಬಿಟ್ಟು ಹೋಗುವುದು ಅನ್ನ ಚೆಲ್ಲಿದ ಹಾಗೆ. ಇನ್ನೊಂದು, ಮೈಮೇಲೆ ಹಾಕಿಕೊಂಡದ್ದಕ್ಕೆ ತೂಕವಿಲ್ಲ. ಒಮ್ಮೆ ಬೇಸಿಗೆಯಲ್ಲಿ ಅವರು ಮೂರು ಅಂಗಿ, ಎರಡು ಕೋಟು ತೊಟ್ಟು ಬೆವರುತ್ತಾ ವಿಮಾನದಿಂದ ಇಳಿದದ್ದನ್ನು ನಾನೇ ಕಂಡಿದ್ದೇನೆ. ಹೊರಡುವ ಹಿಂದಿನ ಸಂಜೆ ಅವರು ಬಂದು ನನ್ನ ಬ್ಯಾಗನ್ನು ಕೊಕ್ಕೆಗೆ ಹಾಕಿ, "ಭರ್ತಿ ಐದು. ಭಾವ, ನೀನು ಪಾಸ್" ಎಂದು ಬೆನ್ನು ತಟ್ಟಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬೆಳಗಿನ ನಮಾಜಾದ ಮೇಲೆ ಹಜಾರದಲ್ಲಿ ಎರಡು ಬ್ಯಾಗುಗಳು ಅಕ್ಕಪಕ್ಕ ಕುಳಿತಿದ್ದವು. ಶಹನಾ ಸ್ನಾನಕ್ಕೆ ಹೋಗಿದ್ದಳು. ನನಗೆ ತಡೆಯಲಾಗಲಿಲ್ಲ. ಅವಳ ಬ್ಯಾಗಿನ ತಳದಿಂದ ಆ ಸಿಪ್ಪೆಯಂಥ ಸ್ಲೀಪಿಂಗ್ ಬ್ಯಾಗನ್ನು ತೆಗೆದು ನನ್ನದಕ್ಕೆ ಹಾಕಿದೆ, ನನ್ನ ದಪ್ಪದ್ದನ್ನು ಅವಳದಕ್ಕೆ ತುರುಕಿದೆ. ಅವಳು ತನ್ನದನ್ನು ತೂಗಿ ಆಗಿದೆ, ಮತ್ತೆ ಯಾಕೆ ತೂಗುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಆ ಹೊತ್ತಿಗೆ ಬೀಳ್ಕೊಡಲು ಬಂದ ಭಾವ ಸುಮ್ಮನಿರಲಾರದೆ ನನ್ನ ಬ್ಯಾಗನ್ನು ಮತ್ತೊಮ್ಮೆ ಕೊಕ್ಕೆಗೆ ಹಾಕಿದರು. ಅವರ ಹುಬ್ಬು ಗಂಟಾಯಿತು. "ಇದೇನು ಮಾರಾಯ, ನಿನ್ನೆ ಭರ್ತಿ ಇದ್ದದ್ದು ಇವತ್ತು ಇಳಿದಿದೆ. ಮುಕ್ಕಾಲು ಕಿಲೋ ಎಲ್ಲಿಗೆ ಹೋಯ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸ್ನಾನದ ಮನೆಯ ಬಾಗಿಲು ನೋಡಿದೆ. ನೀರಿನ ಸದ್ದು ನಿಂತಿತ್ತು. ಭಾವ ಇನ್ನೊಮ್ಮೆ ಗಟ್ಟಿಯಾಗಿ ಕೇಳಿದರೆ ಮುಗಿಯಿತು. "ಇರಲಿ ಭಾವ, ಏನಾದ್ರೂ ಹಾಕುವ" ಎಂದು ಪಿಸುಗುಟ್ಟಿದೆ. ಇಂಥ ಮಾತಿಗೇ ಕಾದಿದ್ದವರಂತೆ ಉಮ್ಮ ಅಡುಗೆಮನೆಯಿಂದ ಅಕ್ಕಿ ಪುಂಡಿಯ ಉಂಡೆಗಳನ್ನು ಕಟ್ಟಿದ ಬಾಳೆಲೆಯ ಪೊಟ್ಟಣವನ್ನೂ, ಒಣಮೀನಿನ ಚಟ್ನಿಯ ಡಬ್ಬಿಯನ್ನೂ ತಂದರು. ಭಾವ ಒಂದೊಂದಾಗಿ ಇಳಿಸುತ್ತಾ, ತೂಗುತ್ತಾ, ಕೊನೆಗೆ ಉಳಿದ ಅಂತರಕ್ಕೆ ಖರ್ಜೂರವನ್ನು ಬಿಡಿಬಿಡಿಯಾಗಿ ಹಾಕಿ ಸರಿದೂಗಿಸಿದರು. ಶಹನಾ ತಲೆ ಒರೆಸುತ್ತಾ ಹೊರಬಂದಾಗ ಮುಳ್ಳು ಐದರಲ್ಲಿ ನಿಂತಿತ್ತು. ತಕ್ಕಡಿಯನ್ನು ಭಾವ ಅವಳ ಕೈಗಿತ್ತು, "ಇದನ್ನು ಇಟ್ಟುಕೋ ಮಗಾ, ಅಲ್ಲಿ ಎಲ್ಲರದ್ದೂ ಸರಿಯಾಗಿ ತೂಗು" ಎಂದರು. ಅವಳು ಎತ್ತುವ ಮೊದಲೇ ಅವಳ ಬ್ಯಾಗನ್ನೂ ನಾನೇ ಹೊತ್ತು ಜೀಪಿಗೆ ಹಾಕಿದೆ.

ಜೀಪಿನಲ್ಲಿ ನಾರಾವಿ ದಾಟುವವರೆಗೂ ನನ್ನ ಕಣ್ಣು ಅವಳ ಕೈಯಲ್ಲಿದ್ದ ತಕ್ಕಡಿಯ ಮೇಲೆಯೇ ಇತ್ತು. ಘಟ್ಟದ ಬುಡದಲ್ಲಿ ಇಳಿದು ಎಲ್ಲರೂ ಸಾಲಾಗಿ ನಿಂತೆವು. ಹುಬ್ಬಳ್ಳಿಯ ಹುಡುಗಿಯ ಬ್ಯಾಗ್ ಪಾಸಾಯಿತು, ಮಿಕ್ಕವರದ್ದೂ ಆಯಿತು. ನನ್ನದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಐದು. ಶಹನಾಳ ಮುಖದಲ್ಲಿ ಆಶ್ಚರ್ಯ ಕಂಡಿತು, ಅದರ ಹಿಂದೆ ಸ್ವಲ್ಪ ಮೆಚ್ಚುಗೆಯೂ ಇತ್ತೆಂದು ನನ್ನ ನಂಬಿಕೆ. ಇನ್ನು ಹೊರಡುವುದೇ ಎನ್ನುವಾಗ ಅವಳು, "ಲೀಡರಿಗೂ ರೂಲ್ ಉಂಟು" ಎಂದು ನಗುತ್ತಾ ತನ್ನದನ್ನು ಕೊಕ್ಕೆಗೆ ಸಿಕ್ಕಿಸಿದಳು. ನಗು ಅಲ್ಲೇ ನಿಂತಿತು. ಇಳಿಸಿ ಮತ್ತೊಮ್ಮೆ ತೂಗಿದಳು. ಕುಕ್ಕರಿನ ಅವಮಾನವನ್ನು ಇನ್ನೂ ಮರೆಯದ ಹುಡುಗಿ ಮೆಲ್ಲಗೆ, "ಅಕ್ಕಾ, ರೂಲ್ ಅಂದ್ರ ರೂಲ್ ಅಲ್ಲೇನ್ರೀ?" ಎಂದಳು. ಶಹನಾಳ ಕಿವಿ ಕೆಂಪಾಯಿತು. ತಂಡದ ಎದುರಿಗೆ ತನ್ನದೇ ಕಾನೂನಿಗೆ ಸಿಕ್ಕಿ ನಿಂತ ಮಗಳನ್ನು ನೋಡಿ, ನೆಲ ಬಾಯಿಬಿಟ್ಟರೆ ಒಳಗೆ ಹೋಗೋಣ ಎನ್ನಿಸಿತು.

ಅವಳು ಬ್ಯಾಗ್ ಬಿಚ್ಚಿ ತಳದಿಂದ ದಪ್ಪದ್ದನ್ನು ಎಳೆದಳು. ಅದನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಮೇಲೆ ಚಳಿ ಉಂಟಲ್ಲ, ಅದಕ್ಕೆ" ಎಂದೆ. ಅವಳು ನನ್ನ ಬ್ಯಾಗಿನಿಂದ ತನ್ನದನ್ನು ತೆಗೆದುಕೊಂಡು, ನನ್ನದನ್ನು ನನಗೆ ಹಿಂತಿರುಗಿಸಿದಳು. ಈಗ ಅವಳು ಪಾಸು, ನಾನು ಫೇಲು. ಜೀಪಿನ ಡ್ರೈವರ್ ಹೊರಡುವ ಗಡಿಬಿಡಿಯಲ್ಲಿದ್ದ. "ಏನಾದ್ರೂ ಜೀಪಲ್ಲಿ ಬಿಡಿ ಉಪ್ಪ. ಇಲ್ಲಾಂದ್ರೆ ನೀವೂ ಅದ್ರಲ್ಲೇ ಹೋಗ್ಬೇಕಾಗ್ತದೆ" ಎಂದು ನನ್ನ ಬ್ಯಾಗಿಗೆ ಕೈ ಹಾಕಿದವಳು, ಚಟ್ನಿಯ ಡಬ್ಬಿ ಸಿಕ್ಕಿದ್ದೇ ತಡೆದು ನಿಂತಳು. ಉಮ್ಮನ ಒಣಮೀನಿನ ಚಟ್ನಿಯ ಮುಂದೆ ನಮ್ಮ ಮನೆಯಲ್ಲಿ ಯಾವ ಕಾನೂನೂ ನಿಂತದ್ದಿಲ್ಲ. ಪುಂಡಿಯ ಪರಿಮಳ ಹುಬ್ಬಳ್ಳಿಯವರೆಗೂ ಹೋಗಿತ್ತು. "ಅದನ್ನ ಬಿಡಬ್ಯಾಡ್ರಿ ಅಂಕಲ್" ಎಂದು ಆ ಕುಕ್ಕರಿನ ಹುಡುಗಿಯೇ ಮೊದಲು ಪಕ್ಷ ಬದಲಿಸಿದಳು.

ಆಗ ನನಗೆ ಹಮೀದ್ ಭಾವ ನೆನಪಾದರು. ದಪ್ಪ ಸ್ಲೀಪಿಂಗ್ ಬ್ಯಾಗನ್ನು ಬಿಡಿಸಿ, ಜಿಪ್ಪು ಪೂರ್ತಿ ತೆರೆದು, ಬೆನ್ನ ಮೇಲಿನಿಂದ ಹೊದ್ದು, ಎದೆಯ ಮೇಲೆ ಲುಂಗಿಯ ಹಾಗೆ ಗಂಟು ಹಾಕಿದೆ. ಅದರ ಮೇಲೆ ಬ್ಯಾಗ್ ಏರಿಸುವ ಮೊದಲು ಕೊಕ್ಕೆಗೆ ಒಡ್ಡಿದೆ. ಐದಕ್ಕೂ ಸಾಕಷ್ಟು ಕಡಿಮೆ. "ಮೈಮೇಲೆ ಹಾಕಿದ್ದಕ್ಕೆ ತೂಕ ಇಲ್ಲ ಮಗಾ. ವಿಮಾನದಲ್ಲೇ ಬಿಡ್ತಾರೆ" ಎಂದೆ. ಶಹನಾ ಜೀಪಿನ ಕಡೆ ನೋಡಿದಳು, ಡಬ್ಬಿಯ ಕಡೆ ನೋಡಿದಳು, ಆಮೇಲೆ ಡ್ರೈವರಿಗೆ ಹೋಗಲು ಕೈ ಮಾಡಿದಳು.

ನಡುಮಧ್ಯಾಹ್ನದ ಬಿಸಿಲಿನಲ್ಲಿ ಘಟ್ಟ ಹತ್ತಿದೆ. ಹಿಮದಲ್ಲಿ ಮಲಗುವವರಿಗೆಂದು ಹೊಲಿದದ್ದನ್ನು ಹೊದ್ದು ಬೆಂದುಹೋದೆ. ಬೆವರು ಕಣ್ಣಿಗಿಳಿದು ದಾರಿ ಮಂಜಾಯಿತು. ಅರ್ಧ ಹತ್ತಿದ ಮೇಲೆ ಹಿಂದಿನಿಂದ ಒಂದು ಸದ್ದು ಕೇಳಿತು. ಮಗಳು ನಗುತ್ತಿದ್ದಳು. ಫೋನಿನಲ್ಲಿ ಗೆಳತಿಯರೊಡನೆ ನಗುವ ಅದೇ ನಗು, ಹೊಟ್ಟೆ ಹಿಡಿದುಕೊಂಡು, ಬಂಡೆಯೊಂದಕ್ಕೆ ಒರಗಿ. ಅವಳು ಹತ್ತಿರ ಬಂದು ನನ್ನ ಎದೆಯ ಮೇಲಿನ ಗಂಟು ಸಡಿಲಿಸಿ ನೀರು ಕೊಟ್ಟು, "ಮುಂದಿನ ಸಲ ನಿಮ್ಮನ್ನೇ ಕೊಕ್ಕೆಗೆ ಹಾಕಿ ತೂಗ್ತೇನೆ ಉಪ್ಪ" ಎಂದಳು. ಬೆದರಿಕೆ ಇರಬಹುದು. ನನ್ನ ಕಿವಿಗೆ ಬಿದ್ದದ್ದು ಮುಂದಿನ ಸಲ ಎಂಬುದು ಮಾತ್ರ.

ಬಂದಾಗಿನಿಂದ ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ. ಹೊಟ್ಟೆಯೂ ಮೈಮೇಲಿನದೇ, ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ಭಾವ ಧೈರ್ಯ ಹೇಳುತ್ತಾರೆ. ಆದರೂ ಅಂಗಡಿ ಮುಚ್ಚಿದ ಮೇಲೆ, ಯಾರೂ ಇಲ್ಲದ್ದನ್ನು ನೋಡಿಕೊಂಡು, ಅವರ ತಕ್ಕಡಿಯ ಕೊಕ್ಕೆಯನ್ನು ನನ್ನ ಬೆಲ್ಟಿಗೆ ಸಿಕ್ಕಿಸಿ ಎತ್ತಲು ನೋಡುತ್ತೇನೆ. ಗಟ್ಟಿ ಉಂಟು.